ಎಳೆಯುವ ಚಕ್ರ, ತಳ್ಳುವ ಚಕ್ರ

ಒಬ್ಬನೇ ಇರುವವನ ಮನೆಯಲ್ಲಿ ಕಬ್ಬಿಣದ ಬೀರುವನ್ನು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಸರಿಸುವುದು ಎಂಥ ಪಾಡು ಎಂಬುದು ತುಂಬಿದ ಮನೆಯಲ್ಲಿರುವ ನಿಮಗೆ ಗೊತ್ತಿರಲಾರದು. ಹಿಂದೆ ನಿಂತು ತಳ್ಳಿದರೆ ಅದು ಹೊರಡುವುದೇನೋ ಉತ್ಸಾಹದಿಂದಲೇ ಹೊರಡುತ್ತದೆ. ಅರ್ಧ ದಾರಿಯಲ್ಲಿ ಒಂದು ಕಾಲು ನೆಲದ ಬಿರುಕಿಗೆ ಸಿಕ್ಕಿತೋ, ಸೊಂಟ ತಿರುಗಿಸಿ ನಾನೆಣಿಸದ ಕಡೆಗೆ ಮುಖ ಮಾಡಿ ನಿಂತುಬಿಡುತ್ತದೆ. ಮುಂದೆ ನಿಂತು ಎಳೆದರೆ ಹೇಳಿದ ದಾರಿಗೆ ಬರುತ್ತದೆ, ಆದರೆ ಎಳೆಯುವವನ ಪಾದ ನೆಲ ಕಚ್ಚದಿದ್ದರೆ ಬೀರು ಇದ್ದಲ್ಲೇ ಇರುತ್ತದೆ, ಎಳೆಯುವವನು ಮಾತ್ರ ನೆಲದ ಮೇಲಿರುತ್ತಾನೆ. ಮುಂದೊಬ್ಬ, ಹಿಂದೊಬ್ಬ ಇದ್ದರೆ ಎರಡು ನಿಮಿಷದ ಕೆಲಸ. ಆ ಇನ್ನೊಬ್ಬನಿಲ್ಲದ ಕಾರಣ ನನ್ನ ಬೀರು ವರ್ಷಗಳಿಂದ ಅರ್ಧ ಕಿಟಕಿಗೆ ಅಡ್ಡವಾಗಿಯೇ ನಿಂತಿದೆ. ಬೆಳಕು ಬೇಕೆನಿಸಿದಾಗ ನಾನೇ ಹೊರಗೆ ಹೋಗಿ ಕೂರುತ್ತೇನೆ.

ಬೀರುವಿನ ಕಥೆ ಹೇಳಲು ನಿಮ್ಮನ್ನು ಕೂರಿಸಿಕೊಂಡಿಲ್ಲ. ಕಾರುಗಳಲ್ಲೂ ಇದೇ ಮೂರು ಬಗೆ ಎಂದು ಹೇಳಬೇಕಾಗಿತ್ತು: ಹಿಂದಿನ ಚಕ್ರ ತಳ್ಳುವ ಕಾರು, ಮುಂದಿನ ಚಕ್ರ ಎಳೆಯುವ ಕಾರು, ನಾಲ್ಕೂ ಚಕ್ರ ದುಡಿಯುವ ಗಾಡಿ. ಸ್ವಂತಕ್ಕೆ ಒಂದು ಸೈಕಲ್ಲನ್ನೂ ಇಟ್ಟುಕೊಳ್ಳದ ನನಗೆ ಈ ವಿದ್ಯೆ ಎಲ್ಲಿಂದ ಬಂತು ಎಂದು ನೀವು ಕೇಳುವುದು ನ್ಯಾಯವೇ. ಗಂಗಣ್ಣನಿಂದ ಬಂತು. ಅವನಿಗೆ ನಾನು ಕೊಟ್ಟ ಗುರುದಕ್ಷಿಣೆ ಎಂಥದೆಂದು ಹೇಳುವ ಧೈರ್ಯ ಇಷ್ಟು ಕಾಲ ಇರಲಿಲ್ಲ.

ಎಂಬತ್ತರ ದಶಕ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಸ್ಟೋರ್ ಕೀಪರ್ ಆಗಿದ್ದೆ. ಪಂಪುಗಳಿಗೆ ಬೇಕಾದ ಎರಕದ ಭಾಗಗಳನ್ನು ಲೇತಿಗೆ ಕೊಟ್ಟು ಕಡೆದು ನುಣುಪು ಮಾಡಿ ಕಳಿಸುವುದು ಅಲ್ಲಿನ ಕೆಲಸ. ಒಳಗೆ ಬಂದ ಒಂದೊಂದು ತುಂಡಿಗೂ, ಹೊರಗೆ ಹೋಗುವ ಒಂದೊಂದು ತುಂಡಿಗೂ ನಾನು ಜವಾಬ್ದಾರ. ಗೇಟ್ ಪಾಸ್ ಇಲ್ಲದೆ ಒಂದು ಬೋಲ್ಟು ಹೊರಗೆ ಹೋದರೂ ಅದು ಕಳ್ಳತನ, ಕೆಲಸಕ್ಕೆ ಅಲ್ಲಿಗೇ ಮಂಗಳ. ಗಂಗಣ್ಣ ಅಲ್ಲಿಯ ಡ್ರೈವರು, ಪಕ್ಕದ ಹಳ್ಳಿಯ ಒಕ್ಕಲು ಮನೆಯವನು; ವಯಸ್ಸಿನಲ್ಲಿ ನನಗಿಂತ ನಾಲ್ಕೈದು ವರ್ಷ ದೊಡ್ಡವನಾದರೂ ನನ್ನನ್ನು ಸಾರ್ ಎನ್ನುವುದನ್ನು ಬಿಡಲಿಲ್ಲ. ಕಾರ್ಖಾನೆಯಿಂದ ತುಮಕೂರು ರಸ್ತೆಗೆ ಹತ್ತುವ ಕೆಮ್ಮಣ್ಣಿನ ಏರು ಒಂದು ಕಾಲಕ್ಕೆ ಅವನ ಅಪ್ಪನ ರಾಗಿ ಹೊಲದ ಬದುವಾಗಿತ್ತು. ಹೊಲ ಹೋಗಿ ಶೆಡ್ಡುಗಳು ಬಂದವು, ಏರು ಉಳಿಯಿತು, ಡಾಂಬರು ಬರಲಿಲ್ಲ.

ಭಾನುವಾರ ಬೆಳಿಗ್ಗೆ, ಬ್ಯಾಟರಿ ಸತ್ತುಹೋಗದಿರಲಿ ಎಂದು ಕಾರ್ಖಾನೆಯ ಗಾಡಿಗಳನ್ನು ಒಂದು ಸುತ್ತು ಓಡಿಸಿ ತೊಳೆದಿಡುವ ಅನುಮತಿಯನ್ನು ಯಜಮಾನರು ಗಂಗಣ್ಣನಿಗೆ ಕೊಟ್ಟಿದ್ದರು. ಆ ಸುತ್ತಿಗೆ ಅವನು ನನ್ನನ್ನು ಕರೆದುಕೊಂಡು ಹೋಗುತ್ತಿದ್ದ. ಸೈಟುಗಳು ಬಿದ್ದು ಕಟ್ಟಡಗಳು ಏಳದ ಪೀಣ್ಯದ ಖಾಲಿ ರಸ್ತೆಗಳಲ್ಲಿ ನಾನು ಸ್ಟೀರಿಂಗ್ ಹಿಡಿಯಲು ಕಲಿತೆ. ಪಾಠ ಮುಗಿದ ಮೇಲೆ ಅವನ ಮನೆಯಲ್ಲಿ ಊಟ: ಹೆಂಡತಿ ಲಕ್ಷ್ಮಕ್ಕ ತೊಳಸಿದ ಮುದ್ದೆ, ಹುರುಳಿ ಸಾರು. ವಾರದ ಆರು ದಿನ ಬಾಡಿಗೆ ಕೋಣೆಯಲ್ಲಿ ಸ್ಟೋವಿನ ಜೊತೆ ಮಾತಾಡಿಕೊಂಡಿರುತ್ತಿದ್ದ ನನಗೆ, ನನ್ನ ಹೆಸರು ಹಿಡಿದು ಇನ್ನೊಂದು ಮುದ್ದೆ ಬಡಿಸುವ ಮನೆ ಬೆಂಗಳೂರಿನಲ್ಲಿ ಇದೊಂದೇ ಇತ್ತು. ಹಾಗೆಂದು ಅವರಿಗೆ ನಾನು ಯಾವತ್ತೂ ಹೇಳಲಿಲ್ಲ. ಹೇಳದೆಯೇ ಗೊತ್ತಾಗಬೇಕೆಂಬುದು ನಮ್ಮಂಥವರ ಜಂಬ.

ಮೊದಲ ಪಾಠ ಯಜಮಾನರ ಅಂಬಾಸಿಡರಿನದು. ಎಂಜಿನ್ ಮುಂದೆ, ದುಡಿಯುವ ಚಕ್ರ ಹಿಂದೆ. ಸ್ಟೀರಿಂಗಿಗೂ ಶಕ್ತಿಗೂ ಬೇರೆ ಬೇರೆ ಚಕ್ರವಾದ್ದರಿಂದ ಕೈಗೆ ಎಳೆತವಿಲ್ಲ, ಒಣ ರಸ್ತೆಯಲ್ಲಿ ಹಾಯಾದ ಸವಾರಿ. ಜನ ತುಂಬಿದಷ್ಟೂ ಹಿಂದಿನ ಚಕ್ರ ನೆಲ ಕಚ್ಚುತ್ತದೆ. ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ವಾಲುವುದೂ ಲಾಭವೇ. ಆದರೆ ಕೆಸರಿನ ತಿರುವಿನಲ್ಲಿ ಆಸೆಬುರುಕನಾಗಿ ಆಕ್ಸಿಲರೇಟರ್ ತುಳಿದರೆ ಬಾಲ ಹೊರಕ್ಕೆ ಬೀಸುತ್ತದೆ. ಆಗ ಗಾಬರಿಯಾಗಿ ಬ್ರೇಕ್ ಒತ್ತದೆ, ಕಾಲು ಮೆಲ್ಲಗೆ ಸಡಿಲಿಸಿ, ಬಾಲ ಯಾವ ಕಡೆಗೆ ಹೋಯಿತೋ ಆ ಕಡೆಗೇ ಸ್ಟೀರಿಂಗ್ ತಿರುಗಿಸಬೇಕು. ಮುನಿಸಿಕೊಂಡು ಹೊರಟವರ ಹಿಂದೆ ಎರಡು ಹೆಜ್ಜೆ ಹೋಗಿ ಕರೆತರುವ ಹಾಗೆ, ಎಂದು ಗಂಗಣ್ಣ ಹೇಳಿದ್ದ. ಕಾರಿನ ವಿಷಯಕ್ಕೆ ಮಾತ್ರ ನಾನು ಅದನ್ನು ಕಲಿತೆ.

ಎರಡನೆಯದು ಜೀಪು. ಎರಕದ ಮಾಲು ತರಲೆಂದು ಯಜಮಾನರು ಮಿಲಿಟರಿ ಹರಾಜಿನಲ್ಲಿ ಕೊಂಡು ತಂದದ್ದು. ಒಂದು ಸಣ್ಣ ಲಿವರ್ ಎಳೆದರೆ ಮುಂದಿನ ಚಕ್ರಗಳೂ ದುಡಿಮೆಗೆ ನಿಲ್ಲುತ್ತಿದ್ದವು. ಅಂಬಾಸಿಡರ್ ಕಣ್ಣೀರು ಹಾಕುವ ಕೆಸರಿನಲ್ಲಿ ಅದು ಎಮ್ಮೆಯ ಹಾಗೆ ನಿರಾಳವಾಗಿ ನಡೆದುಹೋಗುತ್ತಿತ್ತು. ಒಣ ಡಾಂಬರಿನ ಮೇಲೆ ಆ ಲಿವರ್ ಮುಟ್ಟಬಾರದು, ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದರ ಜೊತೆ ಜಗಳಕ್ಕೆ ನಿಂತು ಸ್ಟೀರಿಂಗ್ ಬಿಗಿಯುತ್ತದೆ. ನಾಲ್ಕು ಚಕ್ರ ಎಳೆಯುತ್ತವೆಂಬ ಸೊಕ್ಕಿನಲ್ಲಿ ಜೋರಾಗಿ ಹೋಗಲೂಬಾರದು. ಹೊರಡುವಾಗ ನಾಲ್ಕು ಚಕ್ರದ ಬಲ ಇರುತ್ತದೆ, ನಿಲ್ಲುವಾಗ ಎಲ್ಲ ಗಾಡಿಗೂ ಅದೇ ಬ್ರೇಕು, ಅದೇ ಜಾರುವ ನೆಲ. ನಾಲ್ಕು ಜನ ಹೆಗಲು ಕೊಟ್ಟರೆ ಎಂಥ ಭಾರವೂ ಸಾಗುತ್ತದೆ ಸಾರ್ ಎಂದು ಗಂಗಣ್ಣ ಆಗ ಅಂದದ್ದು ಜೀಪಿನ ವಿಷಯವಾಗಿ. ಆದರೆ ಬ್ರಹ್ಮಚಾರಿಯ ಕಿವಿಗೆ ನಾಲ್ಕು ಹೆಗಲು ಎಂದರೆ ಇನ್ನೊಂದು ಮೆರವಣಿಗೆಯೇ ನೆನಪಾಗುವುದು, ಮತ್ತು ಎಣಿಸಿದರೆ ನನಗೆ ಒಂದೇ ಹೆಗಲು ಸಿಗುತ್ತಿತ್ತು, ಅದು ಗಂಗಣ್ಣನದು. ಆ ದಿನ ಯಾಕೋ ಅವನ ಮನೆಯಲ್ಲಿ ಊಟ ಸೇರಲಿಲ್ಲ.

ಇನ್ನು ನಮ್ಮ ಕಾರ್ಖಾನೆಯ ಒಂದು ಪದ್ಧತಿ ಹೇಳಬೇಕು. ಮಳೆಗಾಲ ಹಿಡಿದರೆ ಆ ಕೆಮ್ಮಣ್ಣಿನ ಏರಿನಲ್ಲಿ ಖಾಲಿ ಅಂಬಾಸಿಡರಿನ ಹಿಂದಿನ ಚಕ್ರ ನಿಂತಲ್ಲೇ ಗಿರಗಿರ ತಿರುಗುತ್ತಿತ್ತು. ಅದಕ್ಕೆ ಗಂಗಣ್ಣ ಕಂಡುಕೊಂಡ ಮದ್ದು, ತಪಾಸಣೆಯಲ್ಲಿ ರಿಜೆಕ್ಟ್ ಆದ ಆರು ಎರಕದ ತುಂಡುಗಳನ್ನು ಡಿಕ್ಕಿಯಲ್ಲಿ ಇಟ್ಟುಕೊಳ್ಳುವುದು. ಭಾರ ಬಿದ್ದ ಚಕ್ರ ಮಣ್ಣು ಕಚ್ಚಿ ಮೇಲೆ ಹತ್ತುತ್ತಿತ್ತು. ಪ್ರತಿ ವರ್ಷ ಮೊದಲ ಮಳೆಗೆ ನಾನು ಅದಕ್ಕೊಂದು ಗೇಟ್ ಪಾಸ್ ಬರೆಯುತ್ತಿದ್ದೆ, ಯಜಮಾನರು ನಕ್ಕು ಸಹಿ ಹಾಕುತ್ತಿದ್ದರು, ದೀಪಾವಳಿಯ ಹೊತ್ತಿಗೆ ತುಂಡುಗಳು ಮತ್ತೆ ಗುಜರಿ ತೊಟ್ಟಿಗೆ ಬರುತ್ತಿದ್ದವು.

ಹೀಗಿರುವಾಗ ಅಂಬಾಸಿಡರ್ ಮಾರಾಟವಾಗಿ ಹೊಸ ಪುಟ್ಟ ಕಾರು ಬಂತು. ಅದರಲ್ಲಿ ಎಂಜಿನ್ನೂ ಮುಂದೆ, ದುಡಿಯುವ ಚಕ್ರವೂ ಮುಂದೆ. ಯಜಮಾನರು ಅದರ ಡಿಕ್ಕಿಯಲ್ಲಿ ಒಂದು ಮೊಳೆಯೂ ಇರಕೂಡದು ಎಂದು ಅಪ್ಪಣೆ ಮಾಡಿದರು. ಇಷ್ಟು ಸಣ್ಣ ಕಾರಿಗೆ ಡ್ರೈವರು ಯಾಕೆ, ಹಳೆಯ ಕೈ ಹೊಸದಕ್ಕೆ ಒಗ್ಗದಿದ್ದರೆ ನಾನೇ ಓಡಿಸಿಕೊಳ್ಳುತ್ತೇನೆ, ಈ ಮಳೆಗಾಲ ಒಂದು ನೋಡುತ್ತೇನೆ ಎಂದೂ ಅಂದರು. ಗಂಗಣ್ಣ ಹೆದರಲಿಲ್ಲ. ಒಂದೇ ವಾರದಲ್ಲಿ ಕಾರಿನ ಸ್ವಭಾವ ಹಿಡಿದು ಬಂದು ನನಗೆ ವಿವರಿಸಿದ. ಇದು ತಳ್ಳಿಸಿಕೊಂಡು ಹೋಗುವುದಲ್ಲ, ತಾನೇ ಎಳೆದುಕೊಂಡು ಹೋಗುವುದು. ಬಾಲ ಬೀಸುವುದು ಕಡಿಮೆ, ಆದರೆ ತಿರುವಿನಲ್ಲಿ ಅವಸರಪಟ್ಟರೆ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಮೂತಿ ನೇರಕ್ಕೇ ಹೋಗುತ್ತದೆ, ಕಾಲು ಸಡಿಲಿಸಿದರೆ ತಾನಾಗಿ ಒಳಕ್ಕೆ ಬರುತ್ತದೆ. ಎಂಜಿನ್ನಿನ ಭಾರ ಎಳೆಯುವ ಚಕ್ರದ ಮೇಲೇ ಕೂತಿರುವುದರಿಂದ ಕೆಸರಿಗೆ ಒಳ್ಳೆಯದು, ಹಿಂದೆ ಭಾರ ಹೆಚ್ಚಿದಷ್ಟೂ ಕೆಟ್ಟದ್ದು. ಅವನು ಹೇಳಿದ, ನಾನು ತಲೆಯಾಡಿಸಿದೆ. ಕೇಳಿಸಿಕೊಳ್ಳುವುದು ಬೇರೆ, ತಲೆಗೆ ಹೋಗುವುದು ಬೇರೆ.

ಆಷಾಢದ ಒಂದು ಬೆಳಿಗ್ಗೆ ಮದ್ರಾಸಿನಿಂದ ಇಬ್ಬರು ಗಿರಾಕಿಗಳು ಬಂದಿದ್ದರು. ರಾತ್ರಿಯೆಲ್ಲ ಮಳೆ ಸುರಿದು ಏರು ಬೆಣ್ಣೆಯಾಗಿತ್ತು. ಮಧ್ಯಾಹ್ನ ಅವರನ್ನು ಪೇಟೆಗೆ ಊಟಕ್ಕೆ ಕರೆದೊಯ್ಯಬೇಕು. ಯಜಮಾನರ ಮುಂದೆ ಗಂಗಣ್ಣನ ಪರೀಕ್ಷೆ ಇವತ್ತೇ ಎಂದು ನನಗೆ ಅನಿಸಿಬಿಟ್ಟಿತು. ಅವನಿಗೆ ಕೆಲಸ ಹೋದರೆ ನನ್ನ ಭಾನುವಾರಗಳು ಏನಾಗುತ್ತವೆ ಎಂಬ ಭಯ ನನ್ನದು. ಇದನ್ನು ಗೆಳೆತನವೆಂದು ಕರೆದುಕೊಂಡೆ. ಕಾರಿನ ಕೀಲಿ ನನ್ನ ಸ್ಟೋರಿನ ಮೊಳೆಗೇ ನೇತಾಡುತ್ತಿತ್ತು. ಯಾರೂ ಇಲ್ಲದ ಹೊತ್ತು ನೋಡಿ, ಅದೇ ಹಳೆಯ ಆರು ತುಂಡುಗಳನ್ನು ಸದ್ದಾಗದಂತೆ ಗೋಣಿಯಲ್ಲಿ ಸುತ್ತಿ, ಡಿಕ್ಕಿಯ ಚಾಪೆಯ ಕೆಳಗೆ ಇಟ್ಟು ಬಂದೆ. ಗೇಟ್ ಪಾಸ್ ಬರೆಯಲಿಲ್ಲ. ಗಂಗಣ್ಣನಿಗೂ ಹೇಳಲಿಲ್ಲ, ಹೇಳಿದರೆ ಬೇಡವೆನ್ನುತ್ತಿದ್ದ.

ಮುಂದೆ ಗಂಗಣ್ಣನ ಪಕ್ಕ ಯಜಮಾನರು, ಹಿಂದಿನ ಸೀಟಿನಲ್ಲಿ ಭಾರೀ ಮೈಯ ಇಬ್ಬರು ಗಿರಾಕಿಗಳು, ಅವರ ಬೆನ್ನ ಹಿಂದೆ ನನ್ನ ಉಪಕಾರ. ಕಾರು ಏರಿನ ಅರ್ಧಕ್ಕೆ ಹೋಗಿ ನಿಂತಿತು. ಹಿಂಭಾಗ ಕೂತುಬಿಟ್ಟಿತ್ತು, ಮೂತಿ ಎದ್ದಿತ್ತು, ಮುಂದಿನ ಚಕ್ರಗಳು ನೆಲವನ್ನು ಸವರುತ್ತ ಸುಮ್ಮನೆ ತಿರುಗುತ್ತಿದ್ದವು. ಗೇಟಿನಲ್ಲಿ ನಿಂತು ನೋಡುತ್ತಿದ್ದ ನನಗೆ, ಅವನು ಹೇಳಿದ್ದ ಪಾಠ ಅಷ್ಟೂ ಆಗ ತಲೆಗೆ ಹೋಯಿತು. ಗಂಗಣ್ಣ ಕೆಳಕ್ಕೆ ಬಿಟ್ಟು ತಿರುಗಿಸಿಕೊಂಡು ಹಿಮ್ಮುಖವಾಗಿ ಹತ್ತಿಸುತ್ತೇನೆ ಎಂದನಂತೆ. ಹಾಗೆ ಮಾಡಿದ್ದರೆ ಭಾರವೆಲ್ಲ ಎಳೆಯುವ ಚಕ್ರದ ಕಡೆಗೆ ಬಂದು ಕಾರು ಹತ್ತಿಯೇ ಬಿಡುತ್ತಿತ್ತು. ಗಿರಾಕಿಗಳ ಮುಂದೆ ಬೆನ್ನು ಮುಂದಾಗಿ ಮೆರವಣಿಗೆ ಹೋಗುವುದು ಯಜಮಾನರಿಗೆ ಮರ್ಯಾದೆಯೆನಿಸಲಿಲ್ಲ. ಬಿಳಿ ಷರಾಯಿಯ ಅತಿಥಿಗಳು ಕೆಸರಿಗಿಳಿದರು. ನಾವು ನಾಲ್ಕೈದು ಜನ ಓಡಿಹೋಗಿ ಹಿಂದಿನಿಂದ ತಳ್ಳಿದೆವು. ನನ್ನ ಅಂಗೈ ಒತ್ತಿದ ತಗಡಿನ ಆಚೆ ಬದಿಗೇ ನನ್ನ ಆರು ತುಂಡುಗಳಿದ್ದವು.

ಡಿಕ್ಕಿಯಲ್ಲಿ ಏನಾದರೂ ಇದೆಯೇನಯ್ಯ, ಹೀಗೆ ಕೂತಿದೆಯಲ್ಲ ಎಂದು ಯಜಮಾನರು ಕೇಳಿದರು. ಗಂಗಣ್ಣ ಕೆಳಗಿಳಿದು ಬಂದು ಡಿಕ್ಕಿಗೆ ಬೆನ್ನು ಕೊಟ್ಟು ನಿಂತ.

"ಏನೂ ಇಲ್ಲ ಸಾರ್. ನನ್ ಕೈಯೇ ಇದ್ಕೆ ಒಗ್ಗಿಲ್ಲ."

ಆ ಸಂಜೆ ತುಂಡುಗಳನ್ನು ತೆಗೆದುಬಿಡೋಣವೆಂದು ನಾನು ಕಳ್ಳಹೆಜ್ಜೆಯಲ್ಲಿ ಕಾರಿನ ಬಳಿ ಹೋದರೆ ಡಿಕ್ಕಿ ಖಾಲಿ. ಆರು ತುಂಡುಗಳೂ ಗುಜರಿ ತೊಟ್ಟಿಯಲ್ಲಿ ಇದ್ದ ಜಾಗದಲ್ಲೇ ಇದ್ದವು, ಗೋಣಿ ಮಡಿಸಿ ನನ್ನ ಸ್ಟೂಲಿನ ಮೇಲೆ ಇಟ್ಟಿತ್ತು. ಡಿಕ್ಕಿ ತೆರೆದಿದ್ದರೆ ಅವನ ಕೆಲಸ ಉಳಿಯುತ್ತಿತ್ತು, ನನ್ನದು ಹೋಗುತ್ತಿತ್ತು. ತಿಂಗಳು ತುಂಬುವುದರೊಳಗೆ ಯಜಮಾನರು ಗಂಗಣ್ಣನ ಲೆಕ್ಕ ತೀರಿಸಿ ಕಳಿಸಿ, ತಾವೇ ಕಾರು ಓಡಿಸತೊಡಗಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಆ ಬರೆ ಬೀಳುವಾಗ ಎತ್ತು ಸ್ಟೋರಿನಲ್ಲಿ ಕೂತು ಲೆಡ್ಜರಿಗೆ ಗೆರೆ ಎಳೆಯುತ್ತಿತ್ತು. ಹೋಗಿ ಯಜಮಾನರಿಗೆ ಹೇಳಬೇಕು ಎಂದು ದಿನವೂ ಅಂದುಕೊಂಡೆ, ದಿನವೂ ನಾಳೆಗೆ ತಳ್ಳಿದೆ. ನಾನು ಹೇಡಿ ಎಂದು ನನಗೆ ಅದಕ್ಕೆ ಮೊದಲು ಅಷ್ಟು ಸ್ಪಷ್ಟವಾಗಿ ಗೊತ್ತಿರಲಿಲ್ಲ.

ಗಂಗಣ್ಣನಿಗೆ ಹೇಗೆ ಮುಖ ತೋರಿಸಲಿ? ಅವನ ಮನೆಯ ಅನ್ನ ಉಂಡು ಅವನ ಅನ್ನಕ್ಕೇ ಮಣ್ಣು ಹಾಕಿದವನನ್ನು ಲಕ್ಷ್ಮಕ್ಕ ಹೊಸಿಲು ತುಳಿಯಲು ಬಿಟ್ಟಾರೇ? ನಾನೇ ಪ್ರಶ್ನೆ ಕೇಳಿಕೊಂಡು, ನಾನೇ ಉತ್ತರ ಹೇಳಿಕೊಂಡು, ಆ ಭಾನುವಾರ ಹೋಗಲಿಲ್ಲ. ಅದರ ಮುಂದಿನ ಭಾನುವಾರವೂ ಹೋಗಲಿಲ್ಲ. ಆಮೇಲೆ, ಹೋಗದೆ ಇದ್ದುದಕ್ಕೂ ಕಾರಣ ಹೇಳಬೇಕಾಗುತ್ತದೆಂದು ಹೋಗಲಿಲ್ಲ. ಒಂಟಿತನವನ್ನು ಯಾರೋ ನಮ್ಮ ತಲೆಗೆ ಕಟ್ಟಿದರೆಂದು ನಾವು ಹಲುಬುತ್ತೇವೆ. ನನ್ನದನ್ನು ನಾನು ಭಾನುವಾರಕ್ಕೊಂದು ಸಾಲು ಇಟ್ಟಿಗೆಯ ಹಾಗೆ ಕಟ್ಟಿಕೊಂಡೆ.

ಮೂರು ವರ್ಷದ ಮೇಲೆ ಒಂದು ಬೆಳಿಗ್ಗೆ ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸಿಗೆ ನಿಂತಿದ್ದಾಗ, ಕೋಳಿ ಸಾಗಿಸುವ ವ್ಯಾನೊಂದು ನನ್ನ ಮುಂದೆಯೇ ನಿಂತಿತು. ಇಳಿದು ಬಂದವನು ಗಂಗಣ್ಣ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಟೀ ಕೊಡಿಸಿದ. ಮೂರು ವರ್ಷ ಮನಸ್ಸಿನಲ್ಲೇ ತಿದ್ದಿ ತೀಡಿಟ್ಟಿದ್ದ ಮಾತನ್ನೆಲ್ಲ ನಾನು ತಡವರಿಸುತ್ತ ಹೇಳಿದೆ: ತುಂಡು ಇಟ್ಟವನು ನಾನು, ನಿನಗೆ ಗೊತ್ತಿತ್ತೆಂದು ನನಗೂ ಗೊತ್ತಿತ್ತು, ಆದರೂ ಬಾಯಿ ಬಿಡಲಿಲ್ಲ. ಅವನು ಲೋಟ ಕೆಳಗಿಟ್ಟ.

"ಅದ್ ಬುಡಿ ಸಾರ್. ಕಾರೇನು, ಇದಿಲ್ದಿದ್ರೆ ಇನ್ನೊಂದು. ನೀವ್ಯಾಕೆ ಮನೆ ಕಡೆ ಬರ್ಲಿಲ್ಲ?"

ವ್ಯಾನಿನಲ್ಲಿ ಕೋಳಿಗಳು ಗಲಾಟೆ ಎಬ್ಬಿಸಿದ್ದವು, ಗಂಗಣ್ಣ ಆ ಕಡೆಗೊಮ್ಮೆ ನೋಡಿದ.

"ನಾಕ್ ಭಾನ್ವಾರ ನಮ್ಮೋಳು ನಿಮ್ ಮುದ್ದೆ ಎತ್ತಿಟ್ಲು. ಐದ್ನೇದುಕ್ಕೆ ನಾನೇ ಬ್ಯಾಡ ಅಂದೆ."

ಅವನು ಹೊರಟುಹೋದ. ನನ್ನ ಬಸ್ಸು ಬಂತು, ಹತ್ತಲಿಲ್ಲ. ಆ ನಾಲ್ಕು ಭಾನುವಾರ ನಾನು ಎಲ್ಲಿದ್ದೆ ಎಂದು ನೆನಪು ಮಾಡಿಕೊಂಡೆ. ಎಲ್ಲಿಯೂ ಹೋಗಿರಲಿಲ್ಲ, ಕೋಣೆಯಲ್ಲೇ ಇದ್ದೆ. ಅಲ್ಲಿಂದ ಅವರ ಮನೆಗೆ ಹತ್ತು ನಿಮಿಷದ ದಾರಿ.