ಹಸಿರು ಲೈಟು ನನ್ನದು, ಮೀನು ವಿನಯನದು

ಹೆಪ್ಪುಗಟ್ಟಿದ ಕೆರೆಯ ಮೇಲೆ ಎರಡು ಗಂಟೆ ಕೂತ ಮೇಲೆ ಗೊತ್ತಾಯಿತು, ನನ್ನ ಗಾಳದಲ್ಲಿ ಕೊಕ್ಕೆಯೇ ಇರಲಿಲ್ಲ.

ಟೆಕ್ಸಸ್‌ನವಳಿಗೆ ಐಸ್ ಮೇಲೇನು ಕೆಲಸ ಅಂತ ಕೇಳಬೇಡಿ. ಇರ್ವಿಂಗ್‌ನ ನಮ್ಮ ಆಫೀಸಿಗೆ ಬಂದಿರುವ ಡೈರೆಕ್ಟರ್ ಸ್ಕಾಟ್ ಮಿಶಿಗನ್ ಕಡೆಯವನು. ಪ್ರತಿ ಜನವರಿ ಟೀಮನ್ನು ತನ್ನೂರಿಗೆ ಕರೆದುಕೊಂಡು ಹೋಗಿ, ಐಸ್ ಕೊರೆಸಿ ಮೀನು ಹಿಡಿಸುತ್ತಾನೆ. ಹೊಸ ಟೀಮ್ ಲೀಡ್ ಯಾರು ಅನ್ನುವುದು ಆ ಟ್ರಿಪ್‌ನಲ್ಲೇ ತೀರ್ಮಾನವಾಗುವುದು ಅಂತ ಆಫೀಸಿನ ಗೋಡೆಗಳಿಗೂ ಗೊತ್ತು.

ಆ ಲೀಡ್ ಪೋಸ್ಟ್ ನನಗೆ ಬೇಕಿತ್ತು. ಆರು ವರ್ಷದಿಂದ ಬೇಕಿತ್ತು.

ಪೈಪೋಟಿಗೆ ಇದ್ದವನು ನಮ್ಮ ಬೆಂಗಳೂರಿನವನೇ ಆದ ವಿನಯ್. ನನಗಿಂತ ಚಿಕ್ಕವನು, "ಅಕ್ಕ" ಅಂತಲೇ ಕರೆಯುತ್ತಾನೆ.

ಮೊಟ್ಟೆಯ ವಾಸನೆಗೇ ಮೂಗು ಮುಚ್ಚಿಕೊಳ್ಳುವ ಮನೆಯಲ್ಲಿ ಹುಟ್ಟಿದವಳು ನಾನು. ಆದರೂ ಹಠ... ಮೀನು ಹಿಡಿಯುವ ವೀಡಿಯೊಗಳನ್ನೆಲ್ಲ ನೋಡಿ ಎಕ್ಸೆಲ್ ಶೀಟ್ ಮಾಡಿದೆ.

ಹಸಿರು ಲೈಟನ್ನು ನೀರೊಳಗೆ ಇಳಿಸಿದರೆ ಕಣ್ಣಿಗೆ ಕಾಣದ ಹುಳುಗಳು ಬರುತ್ತವಂತೆ. ಹುಳು ತಿನ್ನಲು ಮರಿಮೀನು, ಮರಿಮೀನು ತಿನ್ನಲು ದೊಡ್ಡ ಮೀನು. ಕಾರ್ಪೊರೇಟ್‌ನಲ್ಲಿ ಇದ್ದವಳಿಗೆ ಕಲಿಯುವುದು ಕಷ್ಟವಾಗಲಿಲ್ಲ.

ಜೊತೆಗೆ ಲೂರ್ ಅಂತ ಇರುತ್ತದೆ. ಬೆರಳುದ್ದದ ತಗಡಿನ ಮೀನು, ಒಮ್ಮೆ ಟಾರ್ಚ್ ಬೆಳಕು ಹಿಡಿದರೆ ಆಮೇಲೆ ಕತ್ತಲಲ್ಲೂ ಹೊಳೆಯುತ್ತದೆ, ಹೊಟ್ಟೆಯ ಕೆಳಗೆ ಕೊಕ್ಕೆ. ಒಂದು ಡಬ್ಬಿ ತುಂಬ ತರಿಸಿ, ಪ್ರಾಸ್ಪರ್‌ನ ನಮ್ಮ ಮನೆಯ ಬಾತ್‌ಟಬ್‌ನಲ್ಲಿ ಕುಣಿಸಿ ಪ್ರಾಕ್ಟೀಸ್ ಮಾಡಿದೆ. ಮಗಳು ಬಾಗಿಲಲ್ಲಿ ನಿಂತು, "ಅಮ್ಮ, ಆರ್ ಯೂ ಓಕೆ?" ಅಂತ ಕೇಳಿ ಹೋದಳು.

ಮೈಸೂರಿನಿಂದ ಬಂದಿದ್ದ ಅತ್ತೆಗೆ ಮಾತ್ರ ಟೀಮ್ ಬಿಲ್ಡಿಂಗ್‌ಗೆ ಹೋಗುತ್ತೇನೆ ಅಂದಿದ್ದೆ. ಸುಳ್ಳೇನೂ ಅಲ್ಲವಲ್ಲ.

ಸಂಕ್ರಾಂತಿಯ ಸಂಜೆ ಆಫೀಸಿನಿಂದ ಬಂದು ನೋಡುತ್ತೇನೆ, ಎಳ್ಳು ಬೀರಲು ಬಂದ ಹೆಂಗಸರೆಲ್ಲ ನಮ್ಮ ಬಾಗಿಲಲ್ಲಿ ತಲೆಯೆತ್ತಿ ನಿಂತಿದ್ದಾರೆ. ಗ್ಯಾರೇಜಿನಲ್ಲಿ ಸಿಕ್ಕ ನನ್ನ ಲೂರ್‌ಗಳನ್ನು ಅತ್ತೆ ದಾರಕ್ಕೆ ಪೋಣಿಸಿ, ಚೆಂಡುಹೂವಿನ ಜೊತೆ ತೋರಣ ಕಟ್ಟಿದ್ದಾರೆ. ಸೊಸೆ ಹಬ್ಬಕ್ಕೆ ಅಂತಲೇ ತಂದಿಟ್ಟಿದ್ದಾಳೆ ಅಂದುಕೊಂಡಿದ್ದರಂತೆ.

ಬಂದವರೆಲ್ಲ ಲಿಂಕ್ ಕೇಳಿದರು. ಕಳಿಸಿದೆ.

ಮಾರನೆಯ ದಿನ ಅತ್ತೆಯೇ ಎಲ್ಲವನ್ನೂ ಒರೆಸಿ ಡಬ್ಬಿಗೆ ಹಾಕಿಟ್ಟರು. ನಾನು ಮುಚ್ಚಳ ಕೂಡ ತೆಗೆಯದೆ ಸೂಟ್‌ಕೇಸಿಗೆ ಸೇರಿಸಿದೆ.

ಮಿಶಿಗನ್‌ನಲ್ಲಿ ಸಂಜೆ ಐದಕ್ಕೇ ಮಬ್ಬು. ಲೂರ್ ಕಟ್ಟಿಕೊಡಲಾ ಅಂತ ಕೇಳಿದ ಗೈಡ್‌ಗೆ, ಬೇಡ, ನನಗೆ ಬರುತ್ತದೆ ಅಂದೆ. ಆ ಮಬ್ಬಿನಲ್ಲೇ ಮರಗಟ್ಟಿದ ಬೆರಳಲ್ಲಿ ಹೇಗೋ ಗಂಟು ಹಾಕಿ ಇಳಿಸಿದೆ.

ಲೈಟು ಇಳಿದದ್ದೇ ತಡ, ಐಸ್ ಕೆಳಗೆಲ್ಲ ಹಸಿರು. ನೀರೊಳಗಿನ ಕ್ಯಾಮೆರಾದ ಸ್ಕ್ರೀನ್ ತುಂಬ ಮೀನು... ಬರುತ್ತವೆ, ನನ್ನ ಲೂರಿಗೆ ಮೂತಿ ತಾಗಿಸುತ್ತವೆ, ಹೋಗುತ್ತವೆ.

ಸ್ಕಾಟ್ ಬಂದು ನೋಡಿ ಎಲ್ಲರನ್ನೂ ಕರೆದ. ಇಷ್ಟು ಮೀನು ಒಟ್ಟಿಗೆ ತಾನೂ ಕಂಡಿಲ್ಲ ಅಂದ. ನಾನು ಮನಸ್ಸಿನಲ್ಲೇ ಲೀಡ್ ಕುರ್ಚಿಯಲ್ಲಿ ಕೂತಾಗಿತ್ತು.

ಆಗ ವಿನಯ್ ಬಂದ. ಲೈಟೂ ತಂದಿರಲಿಲ್ಲ, ಎಕ್ಸೆಲ್ ಶೀಟಂತೂ ಇಲ್ಲವೇ ಇಲ್ಲ.

"ಅಕ್ಕ, ನಿಮ್ ಲೈಟ್ ಪಕ್ಕದಲ್ಲೇ ನಾನೂ ಒಂದು ತೂತು ಕೊರ್ಕೊಳ್ಲಾ?"

ಕೊರೆದುಕೋ ಮಾರಾಯ ಅಂದೆ. ಅಕ್ಕ ಅಂದುಬಿಟ್ಟಿದ್ದನಲ್ಲ, ಇಲ್ಲ ಅನ್ನಲು ನಾಲಿಗೆ ಏಳಲಿಲ್ಲ.

ಅರ್ಧ ಗಂಟೆಯಲ್ಲಿ ನಾಲ್ಕು ಮೀನು. ನಾಲ್ಕೂ ಅವನಿಗೆ.

ಕೊನೆಗೆ ಸ್ಕಾಟ್ ನನ್ನ ದಾರ ಎಳೆದು ನೋಡಿದ. ತಗಡಿನ ಮೀನು ಫಳಫಳ ಹೊಳೆಯುತ್ತಿದೆ, ಕೊಕ್ಕೆ ಇಲ್ಲ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ. ಕಣ್ಣಲ್ಲಿ ನೀರು ಬಂದದ್ದು ಚಳಿಗೆ ಅಂತ ಹೇಳಿದೆ.

ಗ್ರೂಪ್ ಫೋಟೊದಲ್ಲಿ ಮೀನು ಹಿಡಿದು ನಿಂತವನು ವಿನಯ್, ಪಕ್ಕದಲ್ಲಿ ಲೈಟು ಹಿಡಿದು ನಿಂತವಳು ನಾನು.

ವಾರದ ನಂತರ ಮೇಲ್ ಬಂತು. ವಿನಯ್ ಲೀಡ್. ಎಲ್ಲರನ್ನೂ ಒಂದೆಡೆ ಸೇರಿಸುವ ನನ್ನ ಗುಣ ಬಹಳ ಅಪರೂಪವಂತೆ, ಹಾಗಾಗಿ ನಾನು ವಿನಯ್‌ಗೆ ಸಪೋರ್ಟ್ ಮಾಡಬೇಕಂತೆ. ಓದಿ ಮೈಯೆಲ್ಲ ಉರಿದುಹೋಯಿತು.

ಆ ದಿನ ಅತ್ತೆಗೆ ಎಲ್ಲ ಹೇಳಿಬಿಟ್ಟೆ, ಮೀನಿನ ವಿಷಯವನ್ನೂ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಎದ್ದು ಹೋಗಿ, ಕುಂಕುಮದ ಹಳೆಯ ಭರಣಿಯೊಂದನ್ನು ತಂದು ನನ್ನ ಕೈಗಿಟ್ಟರು. ಒಳಗೆ ನನ್ನ ಕೊಕ್ಕೆಗಳು, ಒಂದೂ ಬಿಡದೆ.

"ಮಕ್ಕಳಿಗೆ ಚುಚ್ಚುತ್ತೆ ಅಂತ ಇಕ್ಕಳದಲ್ಲಿ ಕಿತ್ತೆ ಕಣಮ್ಮ. ಬಿಸಾಕಿಲ್ಲ. ಮುಂದಿನ ಸಲ ಹೋಗೋವಾಗ ನೋಡಿ ಹಾಕ್ಕೋ."

ಏಕಾದಶಿಗೆ ಅನ್ನವನ್ನೂ ಮುಟ್ಟದ ನಮ್ಮ ಅತ್ತೆ ಆಡಿದ ಮಾತು ಇದು.

ಮೊನ್ನೆ ವಿನಯ್ ಮೇಲ್ ಹಾಕಿದ, ಅಕ್ಕ ಅಂತಲೇ ಶುರು. ಕ್ಲೈಂಟ್ ಡೆಮೊಗೆ ನಾನು ಮಾಡಿಟ್ಟ ಸ್ಲೈಡ್‌ಗಳು ಬೇಕಂತೆ, ಮಾತಾಡುವುದು ಅವನಂತೆ.

ಭರಣಿ ಈಗ ನನ್ನ ಆಫೀಸಿನ ಮೇಜಿನ ಮೇಲಿದೆ. ಅದನ್ನು ಒಮ್ಮೆ ನೋಡಿ, ಡೆಮೊ ನಾನೇ ಕೊಡುತ್ತೇನೆ ಅಂತ ಬರೆದು, ಸ್ಕಾಟ್‌ನನ್ನೂ ಸಿಸಿಗೆ ಹಾಕಿ ಕಳಿಸಿದೆ.

ಅಲ್ಲ, ನೀವೂ ಸ್ವಲ್ಪ ಯೋಚನೆ ಮಾಡಿ ಹೇಳಿ... ನಿಮ್ಮ ಬೆಳಕಿಗೆ ಬಂದ ಮೀನುಗಳನ್ನು ಇಷ್ಟು ವರ್ಷ ಹಿಡಿದುಕೊಂಡು ಹೋದವರು ಯಾರು?