ಕಬ್ಬಿನ ಹಂಗಾಮಿಗೆ ಒಂದು ಸೈಕಲ್

ಎಂಬತ್ತರ ದಶಕದ ಕೊನೆಯಲ್ಲಿ ಅಂಕಲಿ ಊರಿಗೆ ಸೊಸೆಯಾಗಿ ಬಂದ ನನಗೆ ಹೊಳೆಯಂಚಿನ ತೋಟದ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರ ನೌಕರಿ ಸಿಕ್ಕಿತು. ಸಿಕ್ಕ ಖುಷಿ ಮೊದಲ ಚಳಿಗಾಲಕ್ಕೇ ಇಳಿದುಹೋಯಿತು. ಕಬ್ಬಿನ ಹಂಗಾಮು ಶುರುವಾದರೆ ಆ ದಾರಿ ಎತ್ತಿನ ಬಂಡಿಗಳ ಪಾಲು, ಬಸ್ಸು ಅತ್ತ ತಲೆ ಹಾಕುತ್ತಿರಲಿಲ್ಲ. ಮಂಜಿನಲ್ಲಿ ಕಣ್ಣು ಕಾಣದೆ ಗಾಲಿ ಕೊರೆದ ಗುಂಡಿಗಳಲ್ಲಿ ಕಾಲಿಟ್ಟು, ಕಬ್ಬಿಗೆ ಬಿಟ್ಟ ನೀರು ಹರಿದು ಆದ ಕೆಸರು ತುಳಿದು, ನಡುಗುತ್ತಾ ಶಾಲೆ ಮುಟ್ಟುತ್ತಿದ್ದೆ. ಸಂಜೆ ಮತ್ತೆ ಅದೇ ದಾರಿ, ಮನೆಯಲ್ಲಿ ಮತ್ತೆ ರೊಟ್ಟಿ ಬಡಿಯುವ ಕೆಲಸ. ಜೀವ ಸಾಕಾಗಿತ್ತು.

ಎರಡನೆಯ ಚಳಿಗಾಲ ಬಂದಾಗ ಗಂಡ ನೌಕರಿ ಬಿಟ್ಟುಬಿಡು ಎಂದರು. ನನಗೂ ಹಾಗೇ ಅನಿಸಿತ್ತು. ಆದರೆ ಬಿಟ್ಟ ನೌಕರಿ ಮತ್ತೆ ಸಿಗುವಂಥದ್ದಲ್ಲ. ಕೊನೆಯದಾಗಿ ಒಂದು ಸೈಕಲ್ ಕೇಳಿದೆ. ತವರಿನಲ್ಲಿ ಲಂಗ ಎತ್ತಿ ಕಟ್ಟಿ ಅಣ್ಣನ ಸೈಕಲ್ ಹೊಡೆದು ರೂಢಿಯಿತ್ತು.

ಮಾವ, ಗಂಡ ಸೈಕಲ್ ಆರಿಸಲು ನಿಪ್ಪಾಣಿಗೆ ಹೊರಟರು. ಹತ್ತುವವಳು ನಾನಾದ್ದರಿಂದ ನನ್ನನ್ನೂ ಕರೆದೊಯ್ದರು, ದೊಡ್ಡ ಉಪಕಾರ. ಮಾವ ಎತ್ತು ಕೊಳ್ಳುವವರಂತೆ ಒಂದೊಂದನ್ನೂ ತಟ್ಟಿ ನೋಡಿದರು. ಅಂಗಡಿಯವನು ಹೆಂಗಸರ ಸೈಕಲ್ಲನ್ನು ಮರಾಠಿಯಲ್ಲಿ ಬಾಯ್ತುಂಬ ಹೊಗಳಿದ. ನಡುವೆ ಕೆಳಗೆ ಬಾಗಿದ ದಂಡ, ಮುಂದೆ ಬುಟ್ಟಿ, ತೆಳ್ಳನೆಯ ಟೈರು. ಮರ್ಯಾದೆಗೆ ಇದೇ ಸರಿ ಎಂದರು ಮಾವ. ನಮ್ಮ ದಾರಿಯಲ್ಲಿ ಅದು ಒಂದು ವಾರವೂ ಬಾಳುತ್ತಿರಲಿಲ್ಲ. ಹಾಲಿನವರು ಕ್ಯಾನು ಕಟ್ಟುವ, ದಪ್ಪ ಟೈರಿನ, ನೇರ ದಂಡದ ಗಂಡಸರ ಸೈಕಲ್ಲೇ ಬೇಕೆಂದೆ. ಸೀರೆಯುಟ್ಟು ದಂಡದ ಮೇಲೆ ಕಾಲು ಹೇಗೆ ಹಾಕುತ್ತೀ ಎಂದು ಗಂಡ ನಕ್ಕರು. ಮೈಯೆಲ್ಲ ಉರಿದು ಅಂಗಡಿಯಿಂದ ಹೊರಗೆ ಬಂದೆ. ಬರಿಗೈಯಲ್ಲಿ ಮರಳಿದೆವು.

ಮನೆಗೆ ಬಂದವಳೇ ನೌಕರಿ ಬಿಡುತ್ತೇನೆ ಎಂದು ಗೋಡೆಗೆ ಒರಗಿ ಕೂತೆ. ಅತ್ತೆ ಕಾರಣ ಕೇಳಿ ತಿಳಿದುಕೊಂಡರು. ನಮ್ಮ ಕಡೆಯ ಹಿರಿಯ ಹೆಂಗಸರಂತೆ ಅವರೂ ಕಚ್ಚೆ ಹಾಕಿಯೇ ಸೀರೆ ಉಡುತ್ತಿದ್ದರು. ಓದಿದ ನಮಗೆ ಅದು ಹಳ್ಳಿಗುಗ್ಗುಗಳ ಉಡುಗೆ ಅನಿಸುತ್ತಿತ್ತು. ಒಳಗಿನಿಂದ ತಮ್ಮದೊಂದು ಸೀರೆ ತಂದು ನನ್ನ ಮಡಿಲಿಗೆ ಹಾಕಿದರು.

"ಕಚ್ಚಿ ಹಾಕಿ ಉಟ್ಕೊ. ಕಾಲಿಗೆ ಏನೂ ಅಡ್ಡ ಬರೂದಿಲ್ಲ."

ಆಮೇಲೆ ಮಾವನ ಕಡೆ ತಿರುಗಿದರು. "ನಾಳೆ ಹೋಗಿ ಆಕಿ ಕೇಳಿದ್ದ ತರ್ರಿ. ನಡದು ನಡದು ನನ್ನ ಮೊಣಕಾಲಂತೂ ಹೋಗ್ಯಾವು. ಆಕಿವೂ ಹೋಗೂದು ಬ್ಯಾಡ."

ಮಾವ ಅತ್ತೆಯ ಕಾಲುಗಳತ್ತ ನೋಡಿದರು. ಅತ್ತೆಯ ಮೊಣಕಾಲು ನೋಯುತ್ತದೆಂದು ಆ ಮನೆಯಲ್ಲಿ ಅದುವರೆಗೆ ಯಾರಿಗೂ ಗೊತ್ತಿರಲಿಲ್ಲ.