ಮಾಬೂಬೀಯ ನಗು

ಲಾಲ್ ಸಾಬ್ ದಾವಣಗೆರೆಯಲ್ಲಿ ಮೂವತ್ತು ವರ್ಷದಿಂದ ಹಲ್ಲಿನ ಸೆಟ್ ಮಾಡುವವರು. ಅವರ ಬಾಯಲ್ಲೇ ಮುಂದಿನ ನಾಲ್ಕು ಹಲ್ಲಿಲ್ಲ. ದೀಪದ ಬುಡದಲ್ಲಿ ಕತ್ತಲು ಎಂದು ನಾನು ರೇಗಿಸಿದರೆ, "ನಂದು ಯಾರು ನೋಡ್ಬೇಕ್ರಿ ಮೇಡಂ?" ಎಂದು ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ನಾನು ಹರಿಹರದಲ್ಲಿ ಹಲ್ಲಿನ ಡಾಕ್ಟರು. ಅಳತೆ ನನ್ನದು, ಹಲ್ಲು ಅವರದು.

ಎರಡು ವರ್ಷದ ಹಿಂದೆ ಬಾಯೊಳಗೆ ಹಿಡಿದು ಅಳತೆ ತೆಗೆಯುವ ಸ್ಕ್ಯಾನರ್ ಬಂತು. ಬಾಯಿಗೆ ಅಚ್ಚಿನ ಹಿಟ್ಟು ತುಂಬಿ ಮುದುಕರಿಗೆ ವಾಕರಿಕೆ ಬರಿಸುವುದು ತಪ್ಪಿತು. ಸಾಬರು ಅರವತ್ತರ ಹತ್ತಿರ ಕಂಪ್ಯೂಟರ್ ಕಲಿತರು. ಅವರು ಪರದೆಯ ಮೇಲೆ ಹಲ್ಲು ಜೋಡಿಸಿದರೆ ಸಾಕು, ಯಂತ್ರ ಕೊರೆದು ಕೊಡುತ್ತದೆ. ಅದೇ ವರ್ಷ ಅವರ ಹೆಂಡತಿ ಮಾಬೂಬೀ ತೀರಿಕೊಂಡರು.

ಮೊನ್ನೆ ಭಾನುವಳ್ಳಿಯ ಗುರುಶಾಂತಮ್ಮ ಹೊಸ ಸೆಟ್ ಹಾಕಿಸಿಕೊಂಡ ಎಂಟೇ ದಿನಕ್ಕೆ ವಾಪಸ್ ಬಂದರು. ನೋವಿಲ್ಲ, ಅಗಿಯಲು ತೊಂದರೆಯಿಲ್ಲ.

"ಇದು ನನ್ನ ನಗು ಅಲ್ಲ ಮೇಡಂ. ಕನ್ನಡಿ ಮುಂದೆ ನಕ್ರೆ ಬ್ಯಾರೆ ಯಾರೋ ನಗ್ತಾರೆ. ಮೊಮ್ಮಗಳು ಹತ್ರಾನೇ ಬರಲ್ಲ."

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ರೂಢಿಯಾಗುತ್ತೆ ಹೋಗ್ರಿ ಎನ್ನುವವಳಿದ್ದೆ. ಅಷ್ಟರಲ್ಲಿ ಅವರು ನಕ್ಕು ತೋರಿಸಿದರು. ಮುಂದಿನ ಎರಡು ಹಲ್ಲುಗಳ ನಡುವೆ ಕೂದಲೆಳೆಯಷ್ಟು ಸಂದು, ಎಡಗಡೆಯದು ಸ್ವಲ್ಪ ಮುಂದೆ. ಹೋದ ತಿಂಗಳು ಸೆಟ್ ಹಾಕಿಸಿಕೊಂಡ ದಿಲ್ಷಾದ್ ಬೇಗಂ ಇದೇ ನಗು ನಕ್ಕಿದ್ದರು. ಅದಕ್ಕೂ ಮೊದಲು ದುರುಗವ್ವ. ಇದನ್ನು ನಾನು ಸಾಬರ ಮನೆಯಲ್ಲಿ ನೋಡಿದ್ದೆ, ಟೀ ಲೋಟ ಚಾಚುತ್ತಿದ್ದ ಮಾಬೂಬೀಯ ಮುಖದಲ್ಲಿ.

ಗುರುಶಾಂತಮ್ಮನವರಿಗೆ ಕಾಯಲು ಹೇಳಿ ಸಾಬರಿಗೆ ಫೋನ್ ಮಾಡಿದೆ. ಸಾಬರು ಮಧ್ಯಾಹ್ನದ ಬಸ್ಸಿಗೆ ಬಂದರು, ಏನೂ ಮುಚ್ಚಿಡಲಿಲ್ಲ.

"ಮದುವೆ ಆದ ಹೊಸದ್ರಾಗೆ ಅವಳ ಬಾಯಿ ಅಚ್ಚು ತೆಗೆದಿಟ್ಟಿದ್ದೆ ಮೇಡಂ, ಕೆಲಸ ಕಲಿಯಾಕೆ. ಅದನ್ನೇ ಸ್ಕ್ಯಾನ್ ಮಾಡಿ ಕಂಪ್ಯೂಟರ್‌ಗೆ ಹಾಕಿದ್ದೆ. ಯಾವ ಹೆಣ್ಮಗಳ ಸೆಟ್ ಮಾಡಾಕೆ ಕೂತ್ರೂ ಕೈ ಅಲ್ಲಿಗೇ ಹೋಗುತ್ತೆ. ಸಂತ್ಯಾಗೋ ಬಸ್ಸಿನಾಗೋ, ಎಲ್ಲಾದ್ರೂ ನಗ್ತಾ ಇರ್ಲಿ ಅಂತ."

ಬೈಯಬೇಕೆಂದಿದ್ದೆ. ಆದರೆ ಮೂರನೇ ಬಾಯಿ ನೋಡುವ ತನಕ ಗುರುತು ಹಿಡಿಯದ ನಾನೆಂಥ ಡಾಕ್ಟರು?

ಗುರುಶಾಂತಮ್ಮ ಹಳೆಯ ನಗು ತೋರಿಸಲೆಂದು ತಂದಿದ್ದ ತಮ್ಮ ಮದುವೆಯ ಫೋಟೊ ಮೇಜಿನ ಮೇಲಿಟ್ಟರು. "ನಿಮ್ಮ ಸಂಕಟ ನಂಗೂ ತಿಳಿತೈತೆ ಸಾಬ್ರೆ. ಆದ್ರೆ ನಂದು ನಂಗೆ ಕೊಡ್ರಿ."

"ಕೊಡ್ತೀನ್ರಿ ಅಮ್ಮ. ಆ ಫೈಲೂ ಅಳಿಸ್ತೀನಿ."

ಸೆಟ್ ತೆಗೆಯಲು ಗುರುಶಾಂತಮ್ಮ ಬಾಯಿಗೆ ಕೈ ಹಾಕಿದರು. ಸಾಬರು ಥಟ್ಟನೆ ಎದ್ದರು.

"ಒಂದ್ಸಲ ನಗ್ರಿ."

ಆಕೆ ಸೆರಗು ಸರಿಸಿ, ತುಂಬು ಬಾಯಿ ನಕ್ಕರು. ಸಾಬರೂ ನಕ್ಕರು, ಈ ಸಲ ಬಾಯಿಗೆ ಕೈ ಅಡ್ಡ ಹಿಡಿಯದೆ. ಆಮೇಲೆ ಅದೇ ಕೈಯನ್ನು ಸೆಟ್ಟಿಗಾಗಿ ಚಾಚಿದರು.